ಪ್ಲಗ್ ತೆಗೆದ ಮೇಲೆ

ಪ್ಲಗ್ ಕಿತ್ತ ಮಾತ್ರಕ್ಕೆ ಕರೆಂಟ್ ಸಾಯುವುದಿಲ್ಲ. ಕಂಪ್ಯೂಟರಿಗೆ ವಿದ್ಯುತ್ ಕೊಡುವ ಡಬ್ಬಿಯೊಳಗೆ ಹೆಬ್ಬೆರಳ ಗಾತ್ರದ ಕೆಪಾಸಿಟರ್ ಇರುತ್ತದೆ. ಪ್ಲಗ್ ತೆಗೆದ ಮೇಲೂ ಅದು ಆಳನ್ನು ಕೆಡವುವಷ್ಟು ಕರೆಂಟನ್ನು ಹೊಟ್ಟೆಯಲ್ಲಿಟ್ಟುಕೊಂಡು ತೆಪ್ಪಗೆ ಕೂತಿರಬಲ್ಲದು. ಇಷ್ಟು ಮನೆಮನೆಗೂ ಗೊತ್ತಿರಬೇಕಿತ್ತು.

ಒಂದು ಹೈಸ್ಕೂಲಿನ ಎಲೆಕ್ಟ್ರಾನಿಕ್ಸ್ ಟೀಚರಿಗೆ ಗೊತ್ತಿತ್ತು. ಅಪ್ಪನ ರೇಡಿಯೋ ರಿಪೇರಿ ಅಂಗಡಿಯಲ್ಲಿ ಬೆಳೆದು, ಡಿಪ್ಲೊಮಾ ಮುಗಿಸಿ, ವರ್ಷವರ್ಷವೂ ಮುಂದುವರಿಸಿಕೊಳ್ಳಬೇಕಾದ ಗುತ್ತಿಗೆ ಕೆಲಸಕ್ಕೆ ಸೇರಿದ್ದಳು. ಹೊತ್ತುಗೊತ್ತಿಲ್ಲದೆ "ಪ್ಲಗ್ ತೆಗೆದ್ರಾ?" ಎಂದು ಕೇಳುತ್ತಿದ್ದುದರಿಂದ ಮಕ್ಕಳು ಅವಳಿಗಿಟ್ಟ ಹೆಸರು ಪ್ಲಗ್ ಮಿಸ್.

ಹೊಸ ಉಪಕರಣಗಳೆಲ್ಲ ಹೆಡ್‌ಮಾಸ್ಟರ ಕೋಣೆಯಲ್ಲಿ ಪ್ಲಾಸ್ಟಿಕ್ ಹೊದ್ದು ಮಲಗಿದ್ದವು. "ಮಕ್ಕಳ ಕೈಗೆ ಕೊಟ್ರೆ ಉಳಿಯುತ್ತೇನಮ್ಮ?" ಎಂಬುದು ಅವರ ವೇದವಾಕ್ಯ. ಹಾಗಾಗಿ ಮಕ್ಕಳು ಕಲಿತದ್ದು ಗುಜರಿಯಿಂದ ತಂದ ಕೆಟ್ಟ ಡಬ್ಬಿಗಳ ಮೇಲೆ. ದಡದಲ್ಲಿ ನಿಲ್ಲಿಸಿ ಈಜು ಕಲಿಸಿದಂತೆ. ಸತ್ತದ್ದಕ್ಕೆ ಹೆದರುವವರುಂಟೆ? ಡಬ್ಬಿಯೊಳಗಿನ ಸರ್ಕ್ಯೂಟ್ ಬೋರ್ಡನ್ನು ಸ್ಲೇಟಿನಂತೆ ಅಂಗೈ ಮೇಲಿಟ್ಟುಕೊಂಡೇ ಬಿಚ್ಚುತ್ತಿದ್ದರು. ಮೊದಲು ಕೆಪಾಸಿಟರಿಗೆ ಬಲ್ಬ್ ತಗುಲಿಸಿ ಖಾಲಿ ಮಾಡಬೇಕೆಂದು ಮಿಸ್ ಹೇಳಿಕೊಟ್ಟಿದ್ದಳು, ಅವರು ಪರೀಕ್ಷೆಯಲ್ಲಿ ಬರೆದೂ ಇದ್ದರು. ಕೈಗೆ ಮಾತ್ರ ಆ ಪಾಠ ಹತ್ತಿರಲಿಲ್ಲ.

ಇಲಾಖೆಯ ಅಧಿಕಾರಿ ತಪಾಸಣೆಗೆ ಬಂದ ದಿನ ಹೆಡ್‌ಮಾಸ್ಟರು ಆಫೀಸಿನ ಕಂಪ್ಯೂಟರಿನಿಂದ ಕಳಚಿದ, ನಡೆಯುವ ಡಬ್ಬಿಯೊಂದನ್ನು ತಂದು, ಮಕ್ಕಳು ಇದನ್ನೇ ನಡೆಸಿ ಬಿಚ್ಚಿ ತೋರಿಸಲೆಂದು ಮೇಜಿನ ಮೇಲಿಟ್ಟರು.

"ಸಾರ್, ಇದನ್ನ ಮಕ್ಕಳು ಬಿಚ್ಚೋದು ಬೇಡ. ನಾನೇ ಬಿಚ್ತೀನಿ."

"ಕಲಿತಿರೋದು ಮಕ್ಕಳೋ ನೀವೋ? ಡಬ್ಬಿ ಫ್ಯಾನ್ ತಿರುಗದಿದ್ರೆ ಬಂದವರಿಗೆ ಏನ್ ತೋರಿಸ್ಲಿ, ನನ್ನ ಬೋಳು ತಲೇನಾ? ಮುಂದಿನ ವರ್ಷ ಕೆಲಸ ಬೇಡ್ವೇನಮ್ಮ?"

ಅವಳು ವೈರು ಕಟ್ಟಿದ ಬಲ್ಬನ್ನು ಕೈಯಲ್ಲಿ ಹಿಡಿದು ಮೇಜಿಗೆ ಅಂಟಿಕೊಂಡೇ ನಿಂತಳು.

ಫ್ಯಾನ್ ತಿರುಗಿತು. ಅಧಿಕಾರಿ ತಲೆದೂಗಿದರು. ದರ್ಜಿಯ ಮಗಳು, ತರಗತಿಯಲ್ಲೇ ಚುರುಕು ಹುಡುಗಿ, ಪ್ಲಗ್ ಕಿತ್ತು, "ಪ್ಲಗ್ ತೆಗ್ದೆ ಮಿಸ್" ಎಂದು ರಾಗವಾಗಿ ಹೇಳಿದಳು. ಹಿಂದಿನವರು ಕಿಸಕ್ಕೆಂದರು.

ಅಷ್ಟರಲ್ಲಿ ಅಧಿಕಾರಿ ಕರೆದರು. "ಮೇಡಂ, ಇಲ್ಲಿ ಬನ್ನಿ. ಹಾಜರಿ ಯಾಕೆ ಇಷ್ಟು ಕಮ್ಮಿ?"

ಅವಳು ಕಿಟಕಿಯ ಬಳಿ ಹೋಗಬೇಕಾಯಿತು. ಬಾಯಿ ಏನೋ ಉತ್ತರ ಹೇಳುತ್ತಿತ್ತು, ಕಣ್ಣು ಮೇಜಿನ ಮೇಲಿತ್ತು. ಮುಚ್ಚಳ ಕಳಚಿತು. ಬೋರ್ಡಿನ ಸ್ಕ್ರೂಗಳು ಒಂದೊಂದಾಗಿ ತಟ್ಟೆಗೆ ಬಿದ್ದವು. ಹುಡುಗಿ ಅದರ ಅಂಚು ಹಿಡಿದೆತ್ತಿ, ಅಭ್ಯಾಸಬಲದಿಂದ ಎಡ ಅಂಗೈಯನ್ನು ಕೆಪಾಸಿಟರಿನ ಕಾಲುಗಳು ಚಾಚಿದ್ದ ಅಡಿಭಾಗಕ್ಕೆ ತಂದಳು.

ಮಿಸ್ ಅಧಿಕಾರಿಯನ್ನು ತಳ್ಳಿಕೊಂಡೇ ನುಗ್ಗಿ ಆ ಕೈಗೆ ಬಲವಾಗಿ ಹೊಡೆದಳು. ಬೋರ್ಡು ನೆಲಕ್ಕೆ ಬಿತ್ತು.

"ಏನ್ರೀ ಇದು, ನಮ್ಮೆದುರಿಗೇ ಮಗೂಗೆ ಹೊಡೀತೀರಾ?"

"ಅವ್ರಿಗೆ ಸ್ವಲ್ಪ ಮೂಗಿನ ತುದೀಲೇ ಕೋಪ ಸಾರ್," ಎಂದರು ಹೆಡ್‌ಮಾಸ್ಟರು. "ಬನ್ನಿ, ಟೀ ಆರಿಹೋಗುತ್ತೆ."

ಅವರ ಬೆನ್ನು ಬಾಗಿಲು ದಾಟಿತು. ಹುಡುಗಿ ಕೆಂಪಾದ ಮಣಿಕಟ್ಟು ಉಜ್ಜಿಕೊಳ್ಳುತ್ತ ಕೇಳಿದಳು: "ಪ್ಲಗ್ ತೆಗೆದಿದ್ನಲ್ಲ ಮಿಸ್?"

"ತೆಗೆದಿದ್ದೆ ಕಣೇ. ನಿನ್ನ ತಪ್ಪಿಲ್ಲ."

ನೆಲದಲ್ಲಿ ಕುಕ್ಕರುಗಾಲಲ್ಲಿ ಕೂತು ಮಿಸ್ ಬಿದ್ದ ಬೋರ್ಡಿನ ಕೆಪಾಸಿಟರಿಗೆ ಬಲ್ಬಿನ ವೈರು ತಗುಲಿಸಿದಳು. ಬಲ್ಬು ಫಕ್ಕನೆ ಹೊತ್ತಿ ಆರಿತು. ಯಾರೂ ಕಿಸಕ್ಕೆನ್ನಲಿಲ್ಲ.

ವಿದ್ಯಾರ್ಥಿನಿಗೆ ಹೊಡೆದಳೆಂದು ಅವಳ ಗುತ್ತಿಗೆ ಮುಂದುವರಿಯಲಿಲ್ಲ. ಹುಡುಗಿಯ ಜೀವ ಉಳಿದದ್ದು ಯಾವ ವರದಿಗೂ ಸೇರಲಿಲ್ಲ. ಈಗ ಅಲ್ಲಿ ಪಾಠವೆಂದರೆ ಹಲಗೆಯ ಮೇಲಿನ ಚಿತ್ರ.

ನಿಮ್ಮ ಮಗುವಿನ ಶಾಲೆಯಲ್ಲೂ ಉಪಕರಣಗಳು ಪ್ಲಾಸ್ಟಿಕ್ ಹೊದ್ದು ಮಲಗಿದ ಇಂಥದೊಂದು ಕೋಣೆ ಇರಬಹುದು. ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕಿ ಕೈ ತೊಳೆದುಕೊಳ್ಳಬೇಡಿ. ಈ ವಾರವೇ ಹೋಗಿ. ಟೀಚರ್ ಪಕ್ಕದಲ್ಲಿ ನಿಂತು, ನಡೆಯುವ ಯಂತ್ರವನ್ನು, ಮೊದಲು ಕೆಪಾಸಿಟರ್ ಖಾಲಿ ಮಾಡಿಸಿ, ಮಗುವಿನ ಕೈಯಿಂದಲೇ ಹೇಗೆ ಬಿಚ್ಚಿಸುತ್ತಾರೆ, ಕಣ್ಣೆದುರೇ ತೋರಿಸಿ ಎಂದು ಹೆಡ್‌ಮಾಸ್ಟರನ್ನು ಕೇಳಿ. ತೋರಿಸುವವರೆಗೆ ನಿಂತಲ್ಲಿಂದ ಕದಲಬೇಡಿ.