ತಾಕೋನ ಉಪ್ಪು

ಇರಾಕಿ ಸೈನ್ಯ ಕುವೈತಿಗೆ ನುಗ್ಗಿದ ಮೇಲೆ ಸಾಲ್ಮಿಯಾದ ನಮ್ಮ ಹೋಟೆಲ್ ಮುಚ್ಚಿತು. ಊರಿಗೆ ಹೊರಡುವಾಗ ಅಡುಗೆಮನೆಯಲ್ಲಿ ಉಳಿದದ್ದನ್ನು ಹಂಚಿಕೊಂಡೆವು. ನಾನು ಚಾಕಲೇಟ್ ತುಂಬಿಕೊಂಡೆ. ಜೊತೆಗೆ ಕೆಲಸಕ್ಕಿದ್ದ ಅರುಣಾಚಲದ ತಾಕೋ ಒಂದು ಪೊಟ್ಟಣ ಉಪ್ಪು ಮಾತ್ರ ಎತ್ತಿಕೊಂಡ.

"ನಿಮ್ಮೂರಲ್ಲಿ ಉಪ್ಪು ಸಿಗುವುದಿಲ್ಲವಾ ಮಾರಾಯ?"

"ಇದು ನನ್ನ ಮಿಥುನ್‌ಗೆ, ಭಾಯಿ."

ಮಿಥುನ್ ಎಂದರೆ ನಮ್ಮ ಕಡೆಯ ಕಾಟಿಯಂಥ, ಕಾಡುಕೋಣದಂಥ ದನವಂತೆ. ಹಾಲು ಕರೆಯುವುದಿಲ್ಲ, ಉಳುವುದಿಲ್ಲ, ಕಟ್ಟಿಹಾಕುವುದೂ ಇಲ್ಲ. ಕಾಡಿನಲ್ಲೇ ಇರುತ್ತದೆ. ಮದುವೆಗೆ ಹೆಣ್ಣಿನ ಮನೆಗೆ ಕೊಡಬೇಕಾದದ್ದು ಮಾತ್ರ ಅದನ್ನೇ.

"ಮತ್ತೆ ಅದು ನಿನ್ನದು ಹೇಗೆ?"

"ಅಂಗೈಯಲ್ಲಿ ಉಪ್ಪು ಹಿಡಿದು ಕೂಗಿದರೆ ಬರುತ್ತದೆ. ಈಗ ತಮ್ಮ ಕೊಡುತ್ತಿದ್ದಾನೆ. ನನ್ನ ದನಿ ಮರೆತಿದೆಯೋ ಏನೋ."

ಅಲ್ಲೇ ಅಂಗೈ ಚಾಚಿ ಮೆಲ್ಲಗೆ ಕೂಗಿ ತೋರಿಸಿದ. ನಗಬೇಕೆಂದಿದ್ದ ನಾನೂ ಬಾಗಿಲ ಕಡೆ ನೋಡಿದೆ.

ಮಂಗಳೂರು ತಲುಪಿದಾಗ, ನಾನು ಬಿಟ್ಟುಹೋಗುವಾಗ ತೊಟ್ಟಿಲಲ್ಲಿದ್ದ ಮಗಳು ನನ್ನನ್ನು ನೋಡಿ ಅಮ್ಮನ ಸೆರಗಿನ ಹಿಂದೆ ಅಡಗಿದಳು. ಕುಕ್ಕರಗಾಲಲ್ಲಿ ಕೂತು, ದಾರಿಯಲ್ಲಿ ಕರಗಿ ಚಪ್ಪಟೆಯಾಗಿದ್ದ ಚಾಕಲೇಟನ್ನು ಅಂಗೈಯಲ್ಲಿಟ್ಟು ಮೆಲ್ಲಗೆ ಕರೆದೆ. ಬಂದಳು, ತೆಗೆದುಕೊಂಡಳು, ಓಡಿಹೋಗಿ ಮತ್ತೆ ಸೆರಗು ಹಿಡಿದಳು.

ತಾಕೋನ ಮಿಥುನ್ ಇದಕ್ಕಿಂತ ತುಸು ಹೆಚ್ಚು ಹೊತ್ತಾದರೂ ನಿಂತಿರಬೇಕು.