ಸ್ಕೂಟರ್ ಕಾಗದ

ನಂದೀಶನ ಹೆಸರೆತ್ತಿದರೆ ಸಾಕು, ಶಶಿಕಲಾಳ ಮುಖ ಕೆಂಪಗಾಗುತ್ತಿತ್ತು. ಕೀಬೋರ್ಡಿನ ಮೇಲಿನ ಬೆರಳು ಮಾತ್ರ ನಿಲ್ಲುತ್ತಿರಲಿಲ್ಲ. ಮೂರು ವರ್ಷ ದಿನಾ ಇದನ್ನು ನೋಡಿದವನು ನಾನು, ರುದ್ರೇಶ, ಅತ್ತಿಬೆಲೆ ಟ್ಯಾಕ್ಸಿ ಸ್ಟ್ಯಾಂಡಿನ ಡ್ರೈವರ್. ಸ್ಟ್ಯಾಂಡಿನ ಈಚೆ ಅವಳ ಅಂಗಡಿ, ರಸ್ತೆಯಾಚೆ ಅವನ ಅಂಗಡಿ. ಅಲ್ಲಿಂದ ಕೂಗಳತೆಯಲ್ಲಿ ತಮಿಳುನಾಡು. ಇಬ್ಬರದೂ ಒಂದೇ ಕೆಲಸ: ಗಡಿ ದಾಟುವ ಗಾಡಿಗಳಿಗೆ ಕಾಗದ ಮಾಡಿಕೊಡುವುದು. ಹಳದಿ ಬೋರ್ಡಿನ ಗಾಡಿ ಹೊಸೂರಿಗೆ ಹೋಗಬೇಕೆಂದರೆ ಪರ್ಮಿಟ್ ಬೇಕು, ಆ ರಾಜ್ಯದ ತೆರಿಗೆ ಕಟ್ಟಿರಬೇಕು, ಎಲ್ಲಕ್ಕಿಂತ ಮೊದಲು ಇನ್ಶೂರೆನ್ಸ್ ಜೀವಂತ ಇರಬೇಕು.

ಈ ಇನ್ಶೂರೆನ್ಸಿನಲ್ಲೇ ನಂದೀಶನ ಕೈಚಳಕ. ಕಾರಿನ ಪಾಲಿಸಿ ದುಬಾರಿ, ಸ್ಕೂಟರಿನದು ಅಗ್ಗ. ಅವನು ಕಂಪನಿಯ ಸೈಟಿನಲ್ಲಿ ನಿಮ್ಮ ಕಾರಿನ ನಂಬರನ್ನೇ ಹೊಡೆದು, ಗಾಡಿ ಯಾವುದು ಎಂದು ಕೇಳುವ ಜಾಗದಲ್ಲಿ ಸ್ಕೂಟರ್ ಅಂತ ಒತ್ತುತ್ತಿದ್ದ. ಪಾಲಿಸಿ ಬಂದ ಮೇಲೆ ಕಂಪ್ಯೂಟರಿನಲ್ಲೇ ಸ್ಕೂಟರ್ ಅನ್ನುವುದನ್ನು ಅಳಿಸಿ ಕಾರು ಅಂತ ಕೂರಿಸಿ, ಬಣ್ಣದಲ್ಲಿ ಪ್ರಿಂಟ್ ತೆಗೆದು ಲ್ಯಾಮಿನೇಷನ್ ಮಾಡಿ ಕೊಡುತ್ತಿದ್ದ. ಪೊಲೀಸರು ಮೊಬೈಲಿನಲ್ಲಿ ಗಾಡಿ ನಂಬರ್ ಹಾಕಿದರೆ ಇನ್ಶೂರೆನ್ಸ್ ಇದೆ ಅಂತಲೇ ತೋರಿಸುತ್ತಿತ್ತು. ಯಾರಿಗೂ ಗುದ್ದದೆ ಇರುವವರೆಗೂ ಆ ಕಾಗದಕ್ಕೆ ಯಾವ ತೊಂದರೆಯೂ ಇಲ್ಲ.

ಶಶಿಕಲಾಳ ಗಂಡ ಕೃಷ್ಣ ಗುದ್ದಿದ. ಆಗ ಅವಳು ಬೊಮ್ಮಸಂದ್ರದ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತಿದ್ದಳು, ಅವನು ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಿಗೆ ಸ್ವಂತ ಕಾರು ಓಡಿಸುತ್ತಿದ್ದ. ಕೃಷ್ಣಗಿರಿಗೆ ಬಾಡಿಗೆ ಹೋಗಿ ಬರುವಾಗ ಹೊಸೂರಿನ ಹತ್ತಿರ ಸೈಕಲ್ಲಿನ ಹಿಂದೆ ಗುಲಾಬಿ ಕಟ್ಟಿಕೊಂಡು ಬರುತ್ತಿದ್ದ ಮುನಿರತ್ನಂ ಎನ್ನುವವರಿಗೆ ಬಡಿದ. ಅವರ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದುಬಿಟ್ಟರು. ಸ್ಟೇಷನ್ನಿನಲ್ಲಿ ಎಸ್‌ಐ ಪಾಲಿಸಿಯ ಮೇಲಿನ ಚೌಕದ ಗುರುತನ್ನು ಮೊಬೈಲಿನಿಂದ ಸ್ಕ್ಯಾನ್ ಮಾಡಿ, ಕೃಷ್ಣನ ಮುಖ ನೋಡಿ ನಕ್ಕುಬಿಟ್ಟನಂತೆ. ಇನ್ಶೂರೆನ್ಸ್ ಕಂಪನಿಯವರು ನಾವು ಸ್ಕೂಟರಿಗೆ ಕೊಟ್ಟಿದ್ದು, ಕಾರಿಗಲ್ಲ ಅಂದರು. ಕಾಲು ಕಳೆದುಕೊಂಡ ಆ ಬಡಪಾಯಿಗೆ ಬಿಡಿಗಾಸಿನ ಪರಿಹಾರವೂ ಬರಲಿಲ್ಲ. ಕೃಷ್ಣನ ಕಾರು ಸ್ಟೇಷನ್ ಅಂಗಳದಲ್ಲೇ ಟೈರು ಕೊಳೆತು ಕೂತಿತು. ಮೋಸದ ಕಾಗದ ಇಟ್ಟುಕೊಂಡಿದ್ದ ಅಂತ ಕೇಸೂ ಬಿತ್ತು.

ಶಶಿಕಲಾ ನೇರವಾಗಿ ನಂದೀಶನ ಅಂಗಡಿಗೆ ನುಗ್ಗಿದಳು. ನಾವೆಲ್ಲ ಹೊರಗೆ ನಿಂತು ನೋಡುತ್ತಿದ್ದೆವು.

"ನಾನ್ಯಾವಾಗ ಮಾಡಿಕೊಟ್ಟೆ ಮೇಡಂ? ರಸೀದಿ ಇದ್ರೆ ತೋರ್ಸಿ," ಅಂದ ಅವನು, ಕುರ್ಚಿಯಿಂದ ಏಳದೆ. "ನಿಮ್ಮ ಯಜಮಾನ್ರೇ ಎಲ್ಲೋ ಮಾಡಿಸ್ಕೊಂಡಿದ್ದಾರೆ. ಹೋಗಿ ಅವರನ್ನೇ ಕೇಳಿ."

ರಸೀದಿ ಎಲ್ಲಿಂದ ಬರಬೇಕು? ಆ ಮನುಷ್ಯ ಯಾರಿಗೂ ರಸೀದಿ ಕೊಟ್ಟವನಲ್ಲ. ಪಾಲಿಸಿಯಲ್ಲಿದ್ದ ಫೋನ್ ನಂಬರ್ ಸ್ವಿಚ್ ಆಫ್. ನಮ್ಮ ಸ್ಟ್ಯಾಂಡಿನವರೋ, ನಾಲಿಗೆಗೆ ಎಲುಬಿಲ್ಲದವರು, ಮಾರನೇ ದಿನದಿಂದಲೇ ಅವಳ ಗಂಡನಿಗೆ ಸ್ಕೂಟರ್ ಕೃಷ್ಣ ಅಂತ ಹೆಸರಿಟ್ಟುಬಿಟ್ಟರು. ನಾನೂ ಕರೆದೆ, ಸುಳ್ಳು ಯಾಕೆ ಹೇಳಲಿ. ಅವನು ಸ್ಟ್ಯಾಂಡಿಗೆ ಬರುವುದನ್ನೇ ಬಿಟ್ಟು ಜಿಗಣಿಯ ಒಂದು ಫ್ಯಾಕ್ಟರಿಗೆ ಸೆಕ್ಯೂರಿಟಿಯಾಗಿ ಸೇರಿಕೊಂಡ. ಅದಾಗಿ ಒಂದು ದಿನ ಶಶಿಕಲಾ ಸ್ಟ್ಯಾಂಡಿಗೆ ಬಂದು ನಮ್ಮ ಮುಂದೆ ನಿಂತಳು.

"ನಗ್ರಿ, ಚೆನ್ನಾಗಿ ನಗ್ರಿ. ಆ ಕಾಗದ ಮಾಡಿದ್ದು ನಾನೇ ಅಂತ ಅವನ ಬಾಯಿಂದ್ಲೇ ಹೇಳಿಸ್ತೀನಿ. ಇದೇ ಜಾಗದಲ್ಲಿ, ನಿಮ್ಮೆಲ್ಲರ ಮುಂದೆ. ಹೇಳಿಸ್ಲಿಲ್ಲ ಅಂದ್ರೆ ನನ್ನ ಹೆಸರು ಶಶಿಕಲಾನೇ ಅಲ್ಲ."

ಹೆಂಗಸಿನ ಕೋಪ, ಎರಡು ದಿನಕ್ಕೆ ತಣ್ಣಗಾಗುತ್ತದೆ ಅಂದುಕೊಂಡೆವು. ನಮ್ಮ ಮುಖಕ್ಕಿಷ್ಟು! ಅವಳು ಗಾರ್ಮೆಂಟ್ಸ್ ಬಿಟ್ಟು ಚಂದಾಪುರದಲ್ಲಿ ಕಂಪ್ಯೂಟರ್ ಕಲಿತಳು. ಆರು ತಿಂಗಳು ಯಾರದೋ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡಿ, ಪರ್ಮಿಟ್, ತೆರಿಗೆ, ಪಾಲಿಸಿ ಎಲ್ಲದರ ಒಳಹೊರಗು ತಿಳಿದುಕೊಂಡಳು. ಆಮೇಲೆ ನಂದೀಶನ ಎದುರಿಗೇ ಸಣ್ಣದೊಂದು ಮಳಿಗೆ ಹಿಡಿದು ಬೋರ್ಡು ಹಾಕಿದಳು: ನಿಮ್ಮ ಪಾಲಿಸಿ ಕಾರಿನದೋ, ಸ್ಕೂಟರಿನದೋ? ಇಲ್ಲಿ ಉಚಿತವಾಗಿ ನೋಡಿಕೊಡಲಾಗುವುದು.

ಅದು ಬೋರ್ಡಲ್ಲ, ನಂದೀಶನ ಹೊಟ್ಟೆಗೆ ಇಟ್ಟ ಕೊಳ್ಳಿ. ಡ್ರೈವರುಗಳು ಸಾಲುಗಟ್ಟಿದರು. ಯಾರು ಏನೇ ಕೆಲಸಕ್ಕೆ ಬಂದರೂ ಅವಳು ಮೊದಲು ಮಾಡುವುದು ಒಂದೇ, ಕಂಪನಿಯ ಸೈಟಿನಲ್ಲಿ ಪಾಲಿಸಿ ನಂಬರ್ ಹಾಕಿ ಯಾವ ಗಾಡಿಯದು ಅಂತ ನೋಡುವುದು. ಸ್ಕೂಟರ್ ಅಂತ ಬಂದರೆ ಸ್ಕ್ರೀನನ್ನು ಅವರ ಕಡೆ ತಿರುಗಿಸಿ, "ಓದ್ಕೊಳ್ಳಿ ಅಣ್ಣ, ನಿಮ್ಮ ಕಾರಿಗೆ ಎರಡೇ ಚಕ್ರ," ಅನ್ನುವಳು. ಅವರು ಹಲ್ಲು ಕಡಿಯುತ್ತಾ ರಸ್ತೆ ದಾಟುವರು. ಒಂದು ಸಲ ಒಬ್ಬ ನಂದೀಶನ ಕೊರಳಪಟ್ಟಿ ಹಿಡಿದು ಫುಟ್‌ಪಾತಿಗೆ ಎಳೆದು ತಂದ. ಆ ದಿನ ಅವಳು ನಮಗೆಲ್ಲ ಬಾದಾಮಿ ಹಾಲು ಕುಡಿಸಿದಳು.

"ಹೊಟ್ಟೆ ತಣ್ಣಗಾಯ್ತಾ ಶಶಿಯಕ್ಕ?" ಅಂದೆ.

"ಎಲ್ಲಿ ತಣ್ಣಗಾಗುತ್ತೆ? ಇನ್ನೂ ಬಾಯಿಬಿಟ್ಟು ಹೇಳಿಲ್ವಲ್ಲ ಅವನು."

ಹೇಳುವುದೂ ಇಲ್ಲ ಅಂತ ನಮಗೆ ಗೊತ್ತಿತ್ತು. ಸಿಕ್ಕಿಬಿದ್ದವರಿಗೆಲ್ಲ ಗುಟ್ಟಾಗಿ ಸರಿಯಾದ ಪಾಲಿಸಿ ಮಾಡಿಕೊಟ್ಟು ಬಾಯಿ ಮುಚ್ಚಿಸುತ್ತಿದ್ದ. ಪೊಲೀಸರ ಮುಂದೆ ಬಂದು ಹೇಳಿ ಅಂತ ಇವಳು ಕೇಳಿಕೊಂಡರೆ ಒಬ್ಬನೂ ಮುಂದೆ ಬರುತ್ತಿರಲಿಲ್ಲ. ಮನೆಯಲ್ಲಿ ಕೃಷ್ಣನದು ಒಂದೇ ಮಾತು, ಬಿಟ್ಬಿಡು ಶಶಿ. ಗಂಡ ತೀರಾ ಮೆತ್ತಗೆ, ಅದಕ್ಕೇ ಊರೆಲ್ಲ ಅವರ ತಲೆ ಮೇಲೆ ಕೂತಿದೆ ಅಂತ ಅವಳು ನನ್ನ ಹತ್ತಿರ ಗೊಣಗುವಳು. ಬೆಳಿಗ್ಗೆ ಶಟರ್ ಎತ್ತುವಾಗ ಎದುರು ಅಂಗಡಿ ನೋಡಿ, "ಇವನ ಮನೆ ಹಾಳಾಗ," ಅಂತ ಒಂದು ಸಲ ಅಂದ ಮೇಲೆಯೇ ಊದಿನಕಡ್ಡಿ ಹಚ್ಚುವುದು.

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಅವಳ ಅಂಗಡಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದೆ. ರಸ್ತೆ ಅಗೆಯುವವರು ಆಚೆ ಬದಿಯ ಕೇಬಲ್ ಕತ್ತರಿಸಿಹಾಕಿದ್ದರು, ನಂದೀಶನ ಕಂಪ್ಯೂಟರಿಗೆ ನೆಟ್ ಇಲ್ಲ. ಅವನ ಅಂಗಡಿಯ ಮುಂದೆ ಅವನದೇ ಹೊಸ ಟಿಟಿ ನಿಂತಿತ್ತು. ಟಿಟಿ ಅಂದರೆ ಮದುವೆ ದಿಬ್ಬಣಕ್ಕೆ ಹೋಗುವ ಹದಿನಾಲ್ಕು ಸೀಟಿನ ಗಾಡಿ. ಒಳಗೆ ಅವನ ಹೆಂಡತಿಯ ಕಡೆಯ ನೆಂಟರೆಲ್ಲ ರೇಷ್ಮೆ ಸೀರೆ, ಮಲ್ಲಿಗೆ ಮುಡಿದು ತುಂಬಿಕೊಂಡಿದ್ದರು. ಹೊಸೂರಿನ ಛತ್ರದಲ್ಲಿ ಮದುವೆ. ನಂದೀಶ ಅಕ್ಕಪಕ್ಕದ ಅಂಗಡಿಗಳಲ್ಲಿ ನೆಟ್ ಹುಡುಕಿಕೊಂಡು ಹೋಗಿದ್ದ. ಅಷ್ಟರಲ್ಲಿ ಗಾಡಿ ಓಡಿಸಬೇಕಾಗಿದ್ದ ಅವನ ಭಾಮೈದ ದೀಪು, ಪಾಪ, ಮಾಲೂರಿನವನು, ಇಲ್ಲಿಯ ಜಗಳ ಏನೂ ತಿಳಿಯದವನು, ಫೈಲು ಹಿಡಿದು ಸೀದಾ ಇವಳ ಅಂಗಡಿಗೆ ಬಂದ. ಕೀಯನ್ನೂ ಫೈಲನ್ನೂ ಮೇಜಿನ ಮೇಲಿಟ್ಟ.

"ಅಕ್ಕ, ತಮಿಳುನಾಡು ಟ್ಯಾಕ್ಸ್ ಒಂದು ಕಟ್ಟಿಕೊಡಿ. ಬೇಗ, ಮುಹೂರ್ತ ಹತ್ತೂವರೆಗೆ."

ಗಾಡಿಯ ಕಾಗದದಲ್ಲಿ ನಂದೀಶನ ಹೆಸರು ನೋಡಿ ಶಶಿಕಲಾ ಅದರ ಮೇಲೆ ಬೆರಳಿಟ್ಟು ನನಗೆ ತೋರಿಸಿದಳು. ಆಮೇಲೆ ಎಲ್ಲರಿಗೂ ಮಾಡುವಂತೆಯೇ ಪಾಲಿಸಿ ನಂಬರ್ ಹಾಕಿದಳು. ಸ್ಕ್ರೀನ್ ನೋಡಿ ನನ್ನ ಬಾಯಿಂದ ಕಾಫಿ ಹೊರಗೆ ಬಂತು. ಅಯ್ಯೋ ಇವನ ದುರಾಸೆಗೆ ಬೆಂಕಿ ಬೀಳ! ಹದಿನಾಲ್ಕು ಜನ ಕೂರುವ ತನ್ನ ಗಾಡಿಗೂ, ಹೆಂಡತಿ, ಅತ್ತೆ ಕೂರುವ ಗಾಡಿಗೂ, ಸ್ಕೂಟರ್ ಕಾಗದವನ್ನೇ ಮಾಡಿಕೊಂಡಿದ್ದ. ಕೈಗೆ ಅಂಟಿದ ಚಾಳಿ.

ನಾನು ಅವಳ ಕಿವಿಯ ಹತ್ತಿರ ಬಗ್ಗಿದೆ. "ಸುಮ್ನೆ ಟ್ಯಾಕ್ಸ್ ಕಟ್ಟಿ ಕಳಿಸಿಬಿಡಿ ಅಕ್ಕ. ಆಚೆ ಹೋಗಿ ಯಾರಿಗಾದ್ರೂ ಗುದ್ದಲಿ. ನಮ್ಮ ಕೃಷ್ಣ ಪಟ್ಟಿದ್ದನ್ನ ಇವನೂ ಪಡಲಿ."

"ಹೂಂ, ಗುದ್ದಲಿ," ಅಂದಳು. ಅವಳ ಕಣ್ಣಲ್ಲಿ ಆಸೆ ಕುಣಿಯುತ್ತಿದ್ದುದನ್ನು ನಾನು ಕಂಡೆ. ಕರ್ಸರನ್ನು ತೆರಿಗೆಯ ಬಟನ್ ಮೇಲೆ ತಂದಿಟ್ಟಳು, ಒತ್ತಲಿಲ್ಲ. "ಗುದ್ದಿದ್ರೆ ಕಾಲು ಹೋಗೋದು ಇವನದಲ್ಲ ರುದ್ರೇಶಣ್ಣ. ಇನ್ನೊಬ್ಬ ಮುನಿರತ್ನಂದು."

ಕೀಯನ್ನೆತ್ತಿ ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಬಂದಳು. ಅಷ್ಟರಲ್ಲಿ ನಂದೀಶ, "ಏ ದೀಪು! ಅಲ್ಲಿಗ್ಯಾಕೋ ಹೋದೆ ದರಿದ್ರದವ್ನೇ!" ಅಂತ ಕೂಗುತ್ತಾ ರಸ್ತೆ ದಾಟಿ ಓಡಿಬಂದ. ನಮ್ಮ ಸ್ಟ್ಯಾಂಡಿನವರೆಲ್ಲ ಎದ್ದು ಬಂದು ಸುತ್ತ ನಿಂತರು.

"ಕೀ ಕೊಡು," ಅಂದ.

"ಕೊಡ್ತೀನಿ. ನನ್ನ ಗಂಡನ ಕಾಗದ ಯಾರು ಮಾಡಿದ್ದು ಅಂತ ಹೇಳು, ಕೊಡ್ತೀನಿ."

"ಪೊಲೀಸ್‌ನ ಕರೀತೀನಿ ನೋಡು."

"ಕರಿ. ನಿನ್ನ ಪಾಲಿಸೀನ ಅವರ ಮುಂದೇನೇ ತೆಗೆಯೋಣ. ಹದಿನಾಲ್ಕು ಜನಾನ ಒಂದು ಸ್ಕೂಟರ್ ಮೇಲೆ ಕೂರಿಸ್ಕೊಂಡು ಹೊರಟಿದೀಯಲ್ಲೋ, ನಿನಗೆ ಮಾನ ಮರ್ಯಾದೆ ಇದೆಯಾ?"

ಅವಳು ಅಂದದ್ದು ರಸ್ತೆಯಾಚೆಗೂ ಕೇಳಿಸಿತು. ಟಿಟಿಯಿಂದ ಅವನ ಅತ್ತೆ ಪಿಳ್ಳಮ್ಮ ಸೀರೆ ಎತ್ತಿ ಹಿಡಿದುಕೊಂಡು ಇಳಿದು ಬಂದಳು. ದೀಪು ಅವಳಿಗೆ ಎರಡು ಮಾತಲ್ಲಿ ವಿಷಯ ತಿಳಿಸಿದ.

"ಅಂಗಾರೆ ನಾವೆಲ್ಲ ಸತ್ರೆ ಒಂದು ಕಾಸೂ ಬರಾಕಿಲ್ವೇನ್ಲಾ ದೀಪು?" ಅಂದು ಅಳಿಯನ ಕಡೆ ತಿರುಗಿದಳು. "ನೀವು ಇಂಗೆಲ್ಲ ಮಾಡೋ ಪೈಕಿ ಅಂತ ನಂಗೆ ಗೊತ್ತಿರ್ನಿಲ್ಲ. ಅದೇನೋ ಕೇಳ್ತಾವಳಲ್ಲ, ಏಳಿಬಿಡಿ ಅತ್ಲಾಗಿ. ಮೂರ್ತ ಮೀರೋಯ್ತದೆ."

ನಂದೀಶನಿಗೆ ಬೆವರು ಕಿತ್ತುಕೊಂಡು ಬಂತು. ಶಶಿಕಲಾ ಕೃಷ್ಣನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ನಂದೀಶನ ಮೂಗಿನ ಕೆಳಗೆ ಹಿಡಿದಳು. ನಾಲ್ಕು ವರ್ಷದ ಹಟ, ಬಿಡುತ್ತಾಳೆಯೇ?

"ಕೃಷ್ಣ, ನಾನು ನಂದೀಶ," ಅಂದ ಅವನು. "ಆ ನಿನ್ನ ಸ್ಕೂಟರ್ ಕಾಗದ ಮಾಡಿದ್ದು ನಾನೇ ಕಣಪ್ಪ. ನಾನೇ ಮಾಡಿದ್ದು. ಸಾಕಾ?"

ಸ್ಟ್ಯಾಂಡಿನಲ್ಲಿ ಯಾರೋ ಶಿಳ್ಳೆ ಹೊಡೆದರು. ಶಶಿಕಲಾ ಗೆದ್ದವಳ ಹಾಗೆ ನಮ್ಮನ್ನೆಲ್ಲ ಒಂದು ಸುತ್ತು ನೋಡಿದಳು.

"ಶಶಿ ಅಲ್ಲೇ ಇದಾಳಾ?" ಅಂದ ಕೃಷ್ಣ, ಫೋನಿನೊಳಗಿಂದ.

"ಇಲ್ಲೇ ಇದೀನಿ ಕಣ್ರೀ. ಕೇಳಿಸ್ತಾ? ಹೇಳ್ಬಿಟ್ಟ!"

"ಶಶಿ, ಬಿಟ್ಬಿಡು ಅವನನ್ನ. ನಂಗೆ ಗೊತ್ತಿತ್ತು. ಅದು ಸ್ಕೂಟರ್‌ದು ಅಂತ ಹೇಳೇ ಕೊಟ್ಟಿದ್ದ. ಎಲ್ರೂ ಹಂಗೇ ಮಾಡಿಸ್ತಿದ್ರು, ನಾನೂ ಹೂಂ ಅಂದೆ. ನಿನ್ನ ಹತ್ರ ಹೇಳೋಕೆ ಧೈರ್ಯ ಬರ್ಲಿಲ್ಲ."

ಎಲ್ಲರೂ ಅಂದದ್ದು ಯಾರನ್ನು ಅಂತ ನನಗೆ ಗೊತ್ತಿತ್ತು. ಆ ವರ್ಷ ಕಾಗದದ ಪ್ರಕಾರ ನನ್ನ ಕಾರೂ ಸ್ಕೂಟರೇ. ನಾನು ಬಚಾವಾದೆ, ಅವನು ಆಗಲಿಲ್ಲ, ಅಷ್ಟೇ. ನಾಚಿಕೆಯಿಂದ ನನ್ನ ತಲೆ ತಗ್ಗಿತು. ಸುತ್ತ ನೋಡಿದರೆ ಅರ್ಧ ಸ್ಟ್ಯಾಂಡಿನ ತಲೆ ತಗ್ಗಿತ್ತು.

ನಂದೀಶನ ಮುಖಕ್ಕೆ ಕಳೆ ಬಂತು. "ನೋಡಿದ್ರಾ? ಗಂಡನ್ನೇ ಕೇಳು ಅಂತ ನಾನು ಅವತ್ತೇ ಹೇಳ್ಲಿಲ್ವಾ?"

ಶಶಿಕಲಾ ಅವನ ಕೆನ್ನೆಗೆ ಬಾರಿಸಿದಳು. ಎಲ್ಲರ ಎದುರಿಗೇ.

"ಅವರು ಒಂದು ಸಲ ಹೂಂ ಅಂದ್ರು. ನೀನು ಅದನ್ನೇ ಅಂಗಡಿ ಮಾಡ್ಕೊಂಡು ಕೂತೆ," ಅಂದಳು. ಸೆರಗಿನ ಗಂಟು ಬಿಚ್ಚಿ ಕೀಯನ್ನು ದೀಪುವಿನ ಕೈಗೆ ಕೊಟ್ಟಳು. "ಇವತ್ತು ಪಾಲಿಸಿ ಮಾಡಿಸಿದ್ರೂ ಜಾರಿಗೆ ಬರೋದು ನಾಳೆಯಿಂದ ಕಣಪ್ಪ. ಇದನ್ನ ಗಡಿ ದಾಟಿಸ್ಬೇಡ."

ರೇಷ್ಮೆ ಸೀರೆಯವರೆಲ್ಲ ಇಳಿದು ಹೊಸೂರಿನ ಬಸ್ಸು ಹಿಡಿದರು. ಪಿಳ್ಳಮ್ಮ ಹತ್ತುವಾಗ ಅಳಿಯನ ಮುಖ ನೋಡಲಿಲ್ಲ. ಇದನ್ನು ಕಣ್ತುಂಬ ನೋಡಬೇಕಾಗಿದ್ದವಳು ಶಶಿಕಲಾ. ಅವಳು ಶಟರ್ ಎಳೆಯುತ್ತಿದ್ದಳು.

"ರುದ್ರೇಶಣ್ಣ, ಜಿಗಣಿಗೆ ಬರ್ತೀರಾ?"

ದಾರಿಯುದ್ದಕ್ಕೂ ಅವಳು ಒಂದೇ ಮಾತಾಡಿದ್ದು. "ಊರಿಗೆಲ್ಲ ಪಾಲಿಸಿ ತೆಗೆದು ನೋಡ್ದೆ ಅಣ್ಣ. ನನ್ನ ಗಂಡನ್ನ ಒಂದು ಸಲಾನೂ ಕೂರಿಸಿ ಕೇಳ್ಲಿಲ್ಲ."

ಕೃಷ್ಣ ಫ್ಯಾಕ್ಟರಿ ಗೇಟಿನಲ್ಲಿ ನೀಲಿ ಅಂಗಿ ತೊಟ್ಟು ನಿಂತಿದ್ದ. ನಮ್ಮನ್ನು ಕಂಡು ಟೋಪಿ ತೆಗೆದ. ಅವಳು ಬೈಯುತ್ತಾಳೆ, ಅಳುತ್ತಾಳೆ ಅಂತ ನಾನು ಕಾದೆ. ಅವಳು ಕಾರಿನ ಹಿಂದಿನ ಬಾಗಿಲು ತೆಗೆದು ಹಿಡಿದಳು.

"ಹತ್ತಿ. ಹೊಸೂರಿಗೆ ಹೋಗ್ಬೇಕು."

"ಯಾಕೆ ಶಶಿ?"

"ಮುನಿರತ್ನಂ ಮನೆಗೆ. ಇಲ್ಲಿಂದ ಫೋನಲ್ಲಿ ಹೇಳಿದ್ರಲ್ಲ, ಅದನ್ನ ಅಲ್ಲಿ ನಿಂತು ಹೇಳಿ."

"ನನ್ನ ಕೈಲಾಗಲ್ಲ."

"ನಂದೀಶನ ಬಾಯಿ ಬಿಡಿಸೋಕೆ ನಾಲ್ಕು ವರ್ಷ ಕೂತೆ ನಾನು. ನಿಮ್ಮದಕ್ಕೆ ನಾಲ್ಕು ದಿನಾನೂ ಕೂರಲ್ಲ. ಹತ್ರೀ!"

ಅವನು ಜೊತೆಯವನಿಗೆ ಗೇಟು ಒಪ್ಪಿಸಿ ಬಂದು ಹತ್ತಿದ. ಅವಳು ಅವನ ಪಕ್ಕ ಕೂರಲಿಲ್ಲ, ಮುಂದೆ ನನ್ನ ಪಕ್ಕ ಕೂತಳು.

ಮುನಿರತ್ನಂ ಮನೆ ಗುಲಾಬಿ ತೋಟಗಳ ಆಚೆ ಒಂದು ಸಿಮೆಂಟ್ ಶೀಟಿನ ಮನೆ. ಜಗಲಿಯ ಮೇಲೆ ಕೂತು ಗುಲಾಬಿ ಕಟ್ಟು ಕಟ್ಟುತ್ತಿದ್ದರು, ಊರುಗೋಲು ಗೋಡೆಗೆ ಒರಗಿತ್ತು. ಗುರುತು ಹಿಡಿಯಲು ಸ್ವಲ್ಪ ಹೊತ್ತಾಯಿತು. ಹಿಡಿದ ಮೇಲೆ ಮುಖ ಗಂಟಿಕ್ಕಲಿಲ್ಲ. ಆ ಕಡೆಯವರ ಕನ್ನಡದಲ್ಲಿ, "ಬಾಪ್ಪಾ, ಬಾ. ಪಾಪ, ನಿನಗೂ ಆ ಏಜೆಂಟು ಮೋಸ ಮಾಡ್ದಂತೆ, ಕೋರ್ಟಲ್ಲಿ ಹೇಳಿದ್ರು. ಕುತ್ಕೋ," ಅಂದು, ಮಗಳಿಗೆ ಕಾಫಿ ತರಲು ಹೇಳಿದರು.

ಕೃಷ್ಣ ಜಗಲಿಯ ತುದಿಗೆ ಕೂತ. ನನ್ನ ಕಡೆ ನೋಡಿದ, ನಾನು ಬೇರೆಲ್ಲೋ ನೋಡಿದೆ. ಆ ಮಗಳು ಲೋಟ ತಂದು ಚಾಚಿದಳು. ಅವನು ಬಚಾವಾದೆ ಅನ್ನುವ ಹಾಗೆ ಕೈ ನೀಡಿದ.

ಶಶಿಕಲಾ ಅಡ್ಡ ಬಂದು ಲೋಟ ಇಸಕೊಂಡಳು.

"ಕಾಫಿ ಆಮೇಲೆ ಕುಡೀತಾರೆ ಕಣಮ್ಮ. ಮೊದಲು ಅವರೊಂದು ಮಾತು ಹೇಳ್ಬೇಕು."