ಪೆಟ್ಟಿಗೆ ನುಂಗಿದ ಮಾತು

ಎಪ್ಪತ್ತರ ದಶಕದಲ್ಲಿ ತಿರುವನಂತಪುರದ ನಮ್ಮ ಸಂಸ್ಥೆಯ ಸಭಾಕೋಣೆಗೆಂದು ನಾನೊಂದು ಫೋನ್ ಪೆಟ್ಟಿಗೆ ಮಾಡಿದೆ. ರಿಸೀವರ್ ಕಿವಿಗೆ ಹಿಡಿಯುವ ಗೋಜಿಲ್ಲ. ಮೇಜಿನ ಸುತ್ತ ಕೂತ ಎಲ್ಲರೂ ಕೊಚ್ಚಿ ಕಚೇರಿಯ ಜೊತೆ ಮಾತಾಡಬಹುದು. ತೊಂದರೆ ಒಂದೇ, ಪ್ರತಿಧ್ವನಿ. ಕೊಚ್ಚಿಯವರ ದನಿ ನಮ್ಮ ಸ್ಪೀಕರಿನಿಂದ ಹೊರಟು ನಮ್ಮದೇ ಮೈಕಿಗೆ ನುಗ್ಗಿ, ಅವರ ಮಾತು ಅವರಿಗೇ ವಾಪಸು ಕೇಳುತ್ತಿತ್ತು. ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು ಒಂದು ಉಪಾಯ ಹೂಡಿದೆ. ಈ ಕಡೆ ಯಾರಾದರೂ ಬಾಯಿ ತೆರೆದರೆ ಸ್ಪೀಕರ್ ಬಂದ್. ನಾವು ಸುಮ್ಮನಾದರೆ ಮಾತ್ರ ಆ ಕಡೆಯ ದನಿ. ಪ್ರತಿಧ್ವನಿ ನಿಂತೇಹೋಯಿತು. ನನ್ನ ಜಂಬಕ್ಕೆ ಮಿತಿ ಇರಲಿಲ್ಲ.

ಒಂದು ವಿಷಯ ಮಾತ್ರ ಹೊಳೆದಿರಲಿಲ್ಲ. ಎದುರಿನವರು ಮಾತಾಡುವಾಗ ‘ಹ್ಞೂಂ, ಹ್ಞೂಂ’ ಅನ್ನದಿದ್ದರೆ ನಮ್ಮವರಿಗೆ ಕೇಳಿಸಿಕೊಂಡ ಹಾಗೇ ಆಗುವುದಿಲ್ಲ. ಮೈಸೂರು ಕಡೆಯ ನಮ್ಮ ಮುಖ್ಯಸ್ಥರ ಹ್ಞೂಂ ಅಂತೂ ವರಾಂಡದವರೆಗೂ ಕೇಳುತ್ತಿತ್ತು.

ಮೊದಲ ದಿನದ ಸಭೆ ಇಂಗ್ಲಿಷಿನಲ್ಲಿ ಸುಸೂತ್ರವಾಗಿ ಮುಗಿಯಿತು. ಕೊನೆಗೆ ಮುಖ್ಯಸ್ಥರು ಕೊಚ್ಚಿಯಲ್ಲಿದ್ದ ಧಾರವಾಡದ ಕಿರಿಯ ಎಂಜಿನಿಯರನ್ನು ಕನ್ನಡದಲ್ಲಿ ಕೇಳಿದರು: “ಏನಪ್ಪಾ, ಉತ್ತರ ಭಾರತದ ಹೊಸ ಕೇಂದ್ರಕ್ಕೆ ನಿನ್ನ ಹೆಸರು ಕಳಿಸ್ಲಾ? ಮುಂದಿನ ವಾರಾನೇ ಹೊರಡಬೇಕಾಗುತ್ತೆ.”

“ಸರ್, ನನಗ ಅಲ್ಲಿಗೆ ಹೋಗಾಕ ಇಷ್ಟ...”

“ಹ್ಞೂಂ!” ಅಂದರು ಮುಖ್ಯಸ್ಥರು. ಸ್ಪೀಕರ್ ಬಂದ್ ಆಯಿತು. ಕನ್ನಡದಲ್ಲಿ ‘ಇಲ್ಲ’ ಬರುವುದೇ ವಾಕ್ಯದ ಕೊನೆಗೆ. ಆತನ ‘ಇಲ್ರೀ’ ನಮ್ಮ ಕೋಣೆಯನ್ನು ತಲುಪಲಿಲ್ಲ.

“ಭೇಷ್! ಇಷ್ಟಪಟ್ಟು ಹೋಗೋರೇ ಬೇಕು ಕಣಯ್ಯ ನಮಗೆ” ಎಂದು ಮುಖ್ಯಸ್ಥರು ಒಂದೇ ಉಸಿರಿಗೆ ಹೊಗಳತೊಡಗಿದರು. ಕೊಚ್ಚಿಯಿಂದ ದನಿ ಬಂದಾಗ ಅಲುಗುವ ಮೀಟರಿನ ಮುಳ್ಳೊಂದನ್ನು ಪೆಟ್ಟಿಗೆಗೆ ನಾನೇ ಕೂರಿಸಿದ್ದೆ. ಅದು ಕುಣಿಯುತ್ತಿತ್ತು. ಆತ ಏನೋ ಹೇಳುತ್ತಲೇ ಇದ್ದ. ಮುಖ್ಯಸ್ಥರು ಮಾತು ಮುಗಿಸಿದವರೇ ಗುಂಡಿ ಒತ್ತಿ ಲೈನ್ ಕಡಿದರು.

ಆ ಕೋಣೆಯಲ್ಲಿ ಕನ್ನಡ ಬರುತ್ತಿದ್ದದ್ದು ಮುಖ್ಯಸ್ಥರಿಗೂ ನನಗೂ ಮಾತ್ರ. ಆ ಎಂಜಿನಿಯರನ ಹೆಂಡತಿಗೆ ಎಂಟು ತಿಂಗಳು. ಹಿಂದೆ ಎರಡು ಸಲ ಬಸಿರು ನಿಂತಿರಲಿಲ್ಲ. ಕೊಚ್ಚಿಯ ಪಾಲಾರಿವಟ್ಟಂನ ಮನೆ ಬಿಟ್ಟು ಅಲುಗಾಡಬಾರದೆಂದು ಡಾಕ್ಟರು ಹೇಳಿದ್ದರು. ಇದೆಲ್ಲ ಆತನೇ ಹೇಳಿ ನನಗೊಬ್ಬನಿಗೇ ಗೊತ್ತಿತ್ತು. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಎಲ್ಲರೂ ಪೆಟ್ಟಿಗೆಗೆ ಚಪ್ಪಾಳೆ ತಟ್ಟಿದರು, ಮುಖ್ಯಸ್ಥರು ನನ್ನ ಬೆನ್ನು ತಟ್ಟಿದರು. ಅದು ಮಾತು ನುಂಗುತ್ತದೆಂದು ಆ ಗಳಿಗೆಯಲ್ಲಿ ಒಪ್ಪಿಕೊಳ್ಳಲು ನನ್ನಿಂದಾಗಲಿಲ್ಲ. ನಾಳೆ ಹೇಳಿದರಾಯಿತು ಅಂದುಕೊಂಡೆ. ಮರುದಿನ ನಾನು ಕಚೇರಿಗೆ ಹೋಗುವಷ್ಟರಲ್ಲಿ ವರ್ಗದ ಆದೇಶ ಹೊರಟುಹೋಗಿತ್ತು. ಹೋಗಲಿ ಎಂದು ಸುಮ್ಮನಾದೆ. ಆತ ಸಂಕೋಚದ ಮನುಷ್ಯ. ಸಾಹೇಬರು ಅಷ್ಟು ಹೊಗಳಿದ ಮೇಲೆ ಎದುರಾಡಲಾರದೆ, ಹೆಂಡತಿಯನ್ನು ನೆರೆಯವರಿಗೆ ಒಪ್ಪಿಸಿ ಹೊರಟ.

ಮಗು ಹುಟ್ಟಿ ಮೂರು ದಿನ ಬದುಕಿತು. ತಂತಿ ತಲುಪಿ ಆತ ಕೊಚ್ಚಿಗೆ ಬರುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು.

ರಜೆಯ ಕಾಗದಕ್ಕೆ ಸಹಿ ಹಾಕಿಸಲು ಆತ ತಿರುವನಂತಪುರಕ್ಕೆ ಬಂದ. ವಾಪಸು ಹೊರಟಾಗ ತಂಪಾನೂರ್ ಸ್ಟೇಷನ್ನಿನವರೆಗೆ ಜೊತೆಗೆ ಹೋದೆ. ರೈಲಿಗೆ ಇನ್ನೂ ಅರ್ಧ ಗಂಟೆ ಇತ್ತು. ಎದುರಿನ ಅಂಗಡಿಯಲ್ಲಿ ಚಹಾ ಕುಡಿಯಲು ಕೂತೆವು.

“ತಪ್ಪು ನಂದೇ ರೀ” ಎಂದ ಆತ. “ನನ್ನ ದನೀನ ಸಣ್ಣದು. ಅವತ್ತ ಇನ್ನೊಂದಿಷ್ಟು ಗಟ್ಟಿಯಾಗಿ ಹೇಳಿದ್ರ ಸಾಹೇಬ್ರಿಗೆ ಕೇಳಸ್ತಿತ್ತೋ ಏನೋ.”

ಆತ ಎಷ್ಟು ಕೂಗಿದ್ದರೂ ಕೇಳಿಸುತ್ತಿರಲಿಲ್ಲ. ಅದನ್ನು ಹೇಳಲು ನನಗೆ ಅರ್ಧ ಗಂಟೆ ಇತ್ತು. ಹೇಳಲಿಲ್ಲ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ. “ಇರಲಿ ಬಿಡಪ್ಪಾ, ಆಗಿದ್ದು ಆಗಿಹೋಯ್ತು” ಎಂದು, ಆತನನ್ನು ಕ್ಷಮಿಸುವವನ ಹಾಗೆ ಹೆಗಲು ತಟ್ಟಿ ರೈಲು ಹತ್ತಿಸಿದೆ.